ಐಟಿಐ, ಅಪ್ರೆಂಟಿಸ್, ಕೈಕಸುಬು: ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ಫಲಿತಾಂಶದ ಆಸುಪಾಸಿನಲ್ಲಿ ಪಾಲಕರೂ ಹುಡುಗ ಹುಡುಗಿಯರೂ ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದೆ. ನಡುವೆ ಶಿಕ್ಷಕರು, ಸಣ್ಣ ಕಾರ್ಖಾನೆ ಮಾಲೀಕರು ಕೇಳುವ ನಾಲ್ಕಾರು ಪ್ರಶ್ನೆಗಳೂ ಸೇರಿವೆ.

ಐಟಿಐ ಮಾಡಿದ್ರ ನೌಕರಿ ಗ್ಯಾರಂಟಿ ಐತೇನ್ರಿ?

ಇಲ್ಲ. ಗ್ಯಾರಂಟಿ ಅನ್ನುವವರ ಸಂಸ್ಥೆಗೆ ಮಾತ್ರ ಸೇರಬೇಡಿ. ಐಟಿಐ ಮುಗಿಸಿ ಅಖಿಲ ಭಾರತ ವೃತ್ತಿ ಪರೀಕ್ಷೆ ಪಾಸಾದರೆ ಸಿಗುವುದು ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ, ಎಲ್ಲರೂ ಕರೆಯುವಂತೆ ಎನ್‌ಟಿಸಿ. ರೈಲ್ವೆ, ರಕ್ಷಣಾ ಕಾರ್ಖಾನೆ, ವಿದ್ಯುತ್ ಕಂಪನಿಗಳ ಹಲವು ತಾಂತ್ರಿಕ ಹುದ್ದೆಗಳ ಅರ್ಜಿ ತುಂಬಲು ಅದು ಬೇಕೇ ಬೇಕು. ಆದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವುದೋ ಶೆಡ್ಡಿಗೆ ಕೆಲಸ ಕೇಳಲು ಹೋದಾಗ ಮಾಲೀಕರು ಆ ಕಾಗದವನ್ನು ಒಂದು ನಿಮಿಷವೂ ನೋಡುವುದಿಲ್ಲ. ಒಂದು ಡ್ರಾಯಿಂಗ್, ಒಂದು ವರ್ನಿಯರ್ ಕೈಗೆ ಕೊಟ್ಟು "ಅಳತಿ ಹೇಳು" ಅನ್ನುತ್ತಾರೆ. ಅಲ್ಲಿ ಎಣಿಕೆಗೆ ಬರುವುದು ನೀವು ಮಶೀನಿನ ಮುಂದೆ ಕಳೆದ ಗಂಟೆಗಳು.

ಹಂಗಾದ್ರ ಒಂದು ವರ್ಷದಾಗ ಕೈಗೆ ಎಷ್ಟು ಕೆಲಸ ಸಿಗತೈತಿ?

ಕಾಗದದ ಮೇಲೆ ಲೆಕ್ಕ ಚೆನ್ನಾಗಿದೆ. 2022ರ ಪಠ್ಯಕ್ರಮದಂತೆ ವರ್ಷಕ್ಕೆ 1200 ಗಂಟೆ. ಒಂದು ವರ್ಷದ ಟ್ರೇಡಿನಲ್ಲಿ (ಅಂದರೆ ಕಸುಬಿನ ಕೋರ್ಸಿನಲ್ಲಿ) 840 ಗಂಟೆ ಪ್ರಾಯೋಗಿಕ, 240 ಗಂಟೆ ಥಿಯರಿ, 120 ಗಂಟೆ ಎಂಪ್ಲಾಯಬಿಲಿಟಿ ಸ್ಕಿಲ್ಸ್. ಇದಲ್ಲದೆ 150 ಗಂಟೆ ಕಾರ್ಖಾನೆಯಲ್ಲಿ ತರಬೇತಿ ಅಥವಾ ಗುಂಪು ಪ್ರಾಜೆಕ್ಟ್.

ಈ 840 ಗಂಟೆ ಒಬ್ಬೊಬ್ಬರಿಗೆ ಎಷ್ಟು ದಕ್ಕುತ್ತದೆ ಅನ್ನುವಲ್ಲಿ ಲೆಕ್ಕ ತಪ್ಪುತ್ತದೆ. ವೆಲ್ಡರ್ ಬ್ಯಾಚಿನಲ್ಲಿ 20 ಜನ, ನಡೆಯುವ ವೆಲ್ಡಿಂಗ್ ಮಶೀನ್ 4 ಅಂತ ಇಟ್ಟುಕೊಳ್ಳಿ. 840 × 4 ÷ 20, ಅಂದರೆ ಒಬ್ಬನಿಗೆ 168 ಗಂಟೆ. ಎರಡು ಮಶೀನ್ ಕೆಟ್ಟು ನಿಂತರೆ 84. ಕರೆಂಟು ಹೋದ ದಿನ, ಪರೀಕ್ಷೆ, ಹಬ್ಬ, ಇನ್‌ಸ್ಟ್ರಕ್ಟರ್ ಹುದ್ದೆ ಖಾಲಿ ಇರುವ ತಿಂಗಳು ಕಳೆದರೆ ಇನ್ನೂ ಕಡಿಮೆ.

ಸಾಮಗ್ರಿಯ ಖರ್ಚು ಇನ್ನೊಂದು ಕಥೆ. 3.15 ಮಿ.ಮೀ. ರಾಡ್ 100 ಆಂಪಿಯರ್ ಆಸುಪಾಸಿನಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ನಿಮಿಷದಲ್ಲಿ ಸುಟ್ಟು ಮುಗಿಯುತ್ತದೆ. ಕೈ ಕುದುರಬೇಕಾದರೆ ದಿನಕ್ಕೆ ಹತ್ತಾರು ರಾಡ್ ಸುಡಬೇಕು, ಅದಕ್ಕೆ ತಕ್ಕಷ್ಟು ಪ್ಲೇಟೂ ಬೇಕು. ಕಟ್ಟಡಕ್ಕೆ, ಮಶೀನಿಗೆ ಒಮ್ಮೆ ಹಣ ಸಿಗುತ್ತದೆ. ರಾಡು, ಪ್ಲೇಟು, ಹ್ಯಾಕ್‌ಸಾ ಬ್ಲೇಡು, ಕಟಿಂಗ್ ಆಯಿಲ್ಲಿಗೆ ಪ್ರತಿ ವರ್ಷ ಹಣ ಸಿಗುವುದು ಕಷ್ಟ. ಬಡ ದೇಶಗಳ ವೃತ್ತಿ ಶಾಲೆಗಳು ಸೊರಗುವುದು ಬಹುತೇಕ ಈ ಸಣ್ಣ ಖರ್ಚಿನ ಬಾಬತ್ತಿನಲ್ಲಿ. ಹೊಸ ಮಶೀನಿನ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಖಾಲಿಯಾದ ರಾಡಿನ ಡಬ್ಬಿಯ ಫೋಟೊ ಬರುವುದಿಲ್ಲ.

ಸೇರುವ ಮುಂಚೆ ಸಂಸ್ಥೆಯಲ್ಲಿ ಏನು ನೋಡಬೇಕು?

ಕೆಲಸದ ದಿನ, ಬೆಳಗ್ಗೆ 11ರ ಸುಮಾರಿಗೆ ಹೇಳದೆ ಕೇಳದೆ ಹೋಗಿ. ಆಫೀಸಿನಲ್ಲಿ ಕೂರಬೇಡಿ, ವರ್ಕ್‌ಶಾಪಿಗೆ ನಡೆಯಿರಿ. ಲೇಥ್ ಕೆಳಗಿನ ತಟ್ಟೆಯಲ್ಲಿ ಹೊಸ ಚಿಪ್ಸ್ (ಲೋಹದ ಸಿಪ್ಪೆ) ಬಿದ್ದಿದೆಯೋ, ಧೂಳು ಕೂತಿದೆಯೋ ನೋಡಿ. ವೆಲ್ಡಿಂಗ್ ವಿಭಾಗದ ಗುಜರಿ ಡಬ್ಬಿಯಲ್ಲಿ ಮಕ್ಕಳು ಮಾಡಿ ಒಗೆದ ತುಂಡುಗಳು ರಾಶಿ ಇರಬೇಕು. ಡಬ್ಬಿ ಚೊಕ್ಕ ಇದ್ದರೆ ಅಲ್ಲಿ ಕೆಲಸ ನಡೆಯುವುದಿಲ್ಲ ಅಂತಲೇ ತಿಳಿಯಿರಿ.

ಎರಡನೇ ವರ್ಷದ ಫಿಟ್ಟರ್ ಹುಡುಗನೊಬ್ಬನನ್ನು ಕೇಳಿ: ಎಂ10 ಟ್ಯಾಪ್ (10 ಮಿ.ಮೀ. ಬೋಲ್ಟಿನ ಥ್ರೆಡ್) ಹೊಡೆಯಲು ಯಾವ ಡ್ರಿಲ್ ಹಾಕುತ್ತೀ? 8.5 ಮಿ.ಮೀ. ಅನ್ನಬೇಕು. (10ರಲ್ಲಿ ಪಿಚ್ 1.5 ಕಳೆದರೆ ಅಷ್ಟೇ.) ಎಲೆಕ್ಟ್ರಿಷಿಯನ್ ಹುಡುಗನಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರಿನಿಂದ ಮೋಟಾರಿಗೆ ಎಷ್ಟು ವೈರ್ ಹೋಗುತ್ತವೆ ಅಂತ ಕೇಳಿ. ಆರು. ಇಷ್ಟಕ್ಕೆ ತಡವರಿಸಿದರೆ ಆತ ಆ ಕೆಲಸವನ್ನು ಬೋರ್ಡಿನ ಮೇಲೆ ಮಾತ್ರ ನೋಡಿದ್ದಾನೆ.

ಮಾನ್ಯತೆಯನ್ನೂ ಪರೀಕ್ಷಿಸಿ. ಸಂಸ್ಥೆಗಷ್ಟೇ ಇದ್ದರೆ ಸಾಲದು, ನೀವು ಸೇರುವ ಟ್ರೇಡಿಗೂ ಆ ಯೂನಿಟ್ಟಿಗೂ (ಬ್ಯಾಚಿಗೂ) ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ ಮಾನ್ಯತೆ ಇರಬೇಕು. ಮಾನ್ಯತೆ ಇಲ್ಲದ ಯೂನಿಟ್ಟಿಗೆ ಸೇರಿದವರಿಗೆ ಪರೀಕ್ಷೆ ಹತ್ತಿರ ಬಂದಾಗ ಹಾಲ್ ಟಿಕೆಟ್ ಹುಟ್ಟುವುದಿಲ್ಲ.

ಸರಕಾರಿದು ಚಲೋನೋ, ಖಾಸಗಿದು ಚಲೋನೋ?

ಹಣೆಪಟ್ಟಿ ನೋಡಿ ನಿರ್ಧರಿಸಬೇಡಿ. ಟಾಟಾ ಟೆಕ್ನಾಲಜೀಸ್ ಜೊತೆಗಿನ ಯೋಜನೆಯಲ್ಲಿ ರಾಜ್ಯದ 150 ಸರಕಾರಿ ಐಟಿಐಗಳಿಗೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಶೀನ್), ರೋಬಾಟಿಕ್ಸ್, ಎಲೆಕ್ಟ್ರಿಕ್ ವಾಹನದಂಥ ಹೊಸ ಪ್ರಯೋಗಾಲಯಗಳು ಬಂದಿವೆ. ಶುಲ್ಕವೂ ಕಡಿಮೆ. ಮೇಲೆ ಹೇಳಿದ ವರ್ಕ್‌ಶಾಪ್ ಪರೀಕ್ಷೆಯಲ್ಲಿ ಪಾಸಾದರೆ ಖಾಸಗಿ ಆದರೂ ಸರಿ. ಬೆಳಗಾವಿಯಲ್ಲಿ ಜಿಟಿಟಿಸಿ, ಅಂದರೆ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಇದೆ. ಅದು ಐಟಿಐ ಅಲ್ಲ. ಅಲ್ಲಿ ನಿಜವಾದ ಗಿರಾಕಿಗಳ ಟೂಲ್ ಮತ್ತು ಡೈ ಕೆಲಸ ನಡೆಯುತ್ತಿರುತ್ತದೆ, ಮಕ್ಕಳು ಅದರ ನಡುವೆ ಕಲಿಯುತ್ತಾರೆ. ಟೂಲ್ ಅಂಡ್ ಡೈ ಡಿಪ್ಲೊಮಾ 3 ವರ್ಷ, ಆಮೇಲೆ 1 ವರ್ಷ ಕಾರ್ಖಾನೆಯಲ್ಲಿ. ಗಣಿತ ಗಟ್ಟಿ ಇರುವ ಮಗುವಿಗೆ ಇದಕ್ಕಿಂತ ಒಳ್ಳೆಯ ದಾರಿ ಈ ಭಾಗದಲ್ಲಿ ಕಡಿಮೆ ಅನ್ನುವುದು ನಮ್ಮ ಅಭಿಪ್ರಾಯ.

ಯಾವ ಟ್ರೇಡ್ ತಗೊಂಡ್ರ ಚಲೋ?

ಎಲೆಕ್ಟ್ರಿಷಿಯನ್ ಸೀಟಿಗೆ ಮುಗಿಬೀಳುವ ಮುಂಚೆ ನಿಮ್ಮ ಊರಿನಿಂದ 60 ಕಿ.ಮೀ. ಒಳಗೆ ಏನು ನಡೆಯುತ್ತಿದೆ ಅಂತ ನೋಡಿ.

ಬೆಳಗಾವಿ ಸುತ್ತ ಫೌಂಡ್ರಿ, ಮಶೀನ್ ಶಾಪ್, ಹೈಡ್ರಾಲಿಕ್ಸ್, ಹತ್ತರಗಿ ಬಳಿ ವಿಮಾನದ ಬಿಡಿಭಾಗ. ಇಲ್ಲಿ ಮಶಿನಿಸ್ಟ್, ಟರ್ನರ್, ಫಿಟ್ಟರ್ ನಡೆಯುತ್ತದೆ. ಫೌಂಡ್ರಿಮನ್ ಅಂದರೆ ಹುಡುಗರು ಮೂಗು ಮುರಿಯುತ್ತಾರೆ, ಬಿಸಿ, ಧೂಳು ಅಂತ. ಆದರೆ ಎರಕದಲ್ಲಿ ರಂಧ್ರ ಯಾಕೆ ಬಿತ್ತು ಅಂತ ಹೇಳಬಲ್ಲವನಿಗೆ ಅಲ್ಲಿ ಬೆಲೆ ಇದೆ. ಹಸಿ ಮರಳಿನ ಅಚ್ಚಿನಲ್ಲಿ ತೇವ ಸಾಮಾನ್ಯವಾಗಿ 3ರಿಂದ 4 ಶೇಕಡಾ ಇರಬೇಕು. ಹೆಚ್ಚಾದರೆ ಕಾದ ಲೋಹ ಸುರಿದಾಗ ಆವಿ ಹೊರಗೆ ಹೋಗಲಾರದೆ ಎರಕದಲ್ಲಿ ಗುಳ್ಳೆ ಕಟ್ಟುತ್ತದೆ, ಕಡಿಮೆಯಾದರೆ ಅಚ್ಚು ಉದುರುತ್ತದೆ. ಇದನ್ನು ಮುಷ್ಟಿಯಲ್ಲಿ ಹಿಡಿದು ಅಂದಾಜಿಸುವ ಹಳೆಯ ಕೈಗಳು ನಿವೃತ್ತರಾಗುತ್ತಿವೆ.

ಮುಧೋಳ, ಜಮಖಂಡಿ, ಅಥಣಿ, ಚಿಕ್ಕೋಡಿ, ಗೋಕಾಕ ಕಡೆಯವರಿಗೆ ಸಕ್ಕರೆ ಕಾರ್ಖಾನೆ ಕಣ್ಣೆದುರೇ ಇದೆ. ಹಂಗಾಮಿನಲ್ಲಿ ಆಪರೇಟರುಗಳು ಬೇಕು, ಹಂಗಾಮು ಮುಗಿದ ಮೇಲೆ ದುರಸ್ತಿಗೆ ಫಿಟ್ಟರು, ವೆಲ್ಡರು. ಬಾಯ್ಲರಿನ ಒತ್ತಡದ ಭಾಗಗಳನ್ನು ಯಾರು ಬೇಕಾದರೂ ಬೆಸೆಯುವಂತಿಲ್ಲ. 1950ರ ಭಾರತೀಯ ಬಾಯ್ಲರ್ ನಿಯಮಾವಳಿಯಡಿ (ಐಬಿಆರ್) ಪರೀಕ್ಷೆ ಪಾಸಾದ ವೆಲ್ಡರೇ ಆಗಬೇಕು. ಊರಲ್ಲಿ ಗೇಟು ಕಿಟಕಿ ಬೆಸೆಯುವವನಿಗೂ ಈ ಐಬಿಆರ್ ವೆಲ್ಡರಿಗೂ ಕೂಲಿಯಲ್ಲಿ ಭಾರಿ ಅಂತರವಿದೆ. ಆ ಪರೀಕ್ಷೆಗೆ ಹೋಗಲು ಐಟಿಐ ವೆಲ್ಡರ್ ಒಳ್ಳೆಯ ಮೆಟ್ಟಿಲು. ಸಕ್ಕರೆಯ ತಾಂತ್ರಿಕ ಕೋರ್ಸುಗಳಿಗೆ ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ.

ವಿಜಯಪುರದ ಕಡೆ ಕೂಡಗಿಯ 2400 ಮೆಗಾವ್ಯಾಟ್ ಉಷ್ಣ ಸ್ಥಾವರ, ಗಾಳಿಯಂತ್ರ, ಸೌರ ಘಟಕಗಳಿವೆ. ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಓದಿದವರಿಗೆ ಅಲ್ಲಿ ದಾರಿ ಇದೆ. ಒಂದೇ ಮಾತು: ಗಾಳಿಯಂತ್ರದ ಕಂಬ 80 ಮೀಟರಿಗಿಂತ ಎತ್ತರ. ಎತ್ತರಕ್ಕೆ ತಲೆ ತಿರುಗುವವರು ಮೊದಲೇ ಯೋಚಿಸಬೇಕು.

ಕಂಪ್ಯೂಟರ್ ಆಪರೇಟರ್, ಅಂದರೆ ಕೋಪಾ ಟ್ರೇಡ್ ಬಗ್ಗೆ ಬಿಚ್ಚಿ ಹೇಳಬೇಕಾದರೆ, ಮನೆ ಹತ್ತಿರ ಬೇರೆ ಟ್ರೇಡ್ ಇಲ್ಲ ಅಂತ ಇದಕ್ಕೆ ಸೇರುವವರು ಬಹಳ. ಟ್ಯಾಲಿ, ಎಕ್ಸೆಲ್ ಗಟ್ಟಿಯಾಗಿ ಕಲಿತರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಹತ್ತನೇತ್ತೆ ಫೇಲ್ ಆಗ್ಯಾನ. ಸೇರಬಹುದೇನ್ರಿ?

ವೆಲ್ಡರ್, ವೈರ್‌ಮನ್‌ನಂಥ ಕೆಲವು ಟ್ರೇಡುಗಳಿಗೆ 8ನೇ ತರಗತಿ ಪಾಸಾದರೆ ಸಾಕು. ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ ಗಣಿತ, ವಿಜ್ಞಾನ ಸಹಿತ 10 ಪಾಸಾಗಿರಬೇಕು. ವಯಸ್ಸು 14 ತುಂಬಿರಬೇಕು, ಮೇಲ್ಮಿತಿ ಇಲ್ಲ. ಆದರೂ ಎಸ್ಸೆಸ್ಸೆಲ್ಸಿಯ ಮುಂದಿನ ಪರೀಕ್ಷೆ ಬರೆಯುವುದನ್ನು ಬಿಡಬೇಡಿ. 10 ಪಾಸಾಗದೆ ಇದ್ದರೆ ಎನ್‌ಟಿಸಿ ಕೈಯಲ್ಲಿದ್ದರೂ ರೈಲ್ವೆ ಟೆಕ್ನಿಷಿಯನ್‌ನಂಥ ಹುದ್ದೆಗಳಿಗೆ ಅರ್ಜಿ ಹಾಕಲಾಗುವುದಿಲ್ಲ.

"ಮಾನವ ಬಂಡವಾಳ" ಅಂತಾರಲ್ಲ, ಹಾಗಂದ್ರೇನು?

ಮನುಷ್ಯನ ವಿದ್ಯೆ, ಕೌಶಲ, ಆರೋಗ್ಯಕ್ಕೆ ಹಾಕಿದ ಖರ್ಚು ಮುಂದೆ ದುಡಿಮೆಯಾಗಿ ಮರಳುತ್ತದೆ, ಆದ್ದರಿಂದ ಅದೂ ಬಂಡವಾಳವೇ ಅನ್ನುವ ಅರ್ಥಶಾಸ್ತ್ರದ ವಿಚಾರ. ಥಿಯೋಡರ್ ಶುಲ್ಟ್ಸ್ ಮತ್ತು ಗ್ಯಾರಿ ಬೆಕರ್ 1960ರ ದಶಕದಲ್ಲಿ ಇದನ್ನು ಬೆಳೆಸಿದರು. ಇಬ್ಬರಿಗೂ ಮುಂದೆ ನೊಬೆಲ್ ಬಂತು, 1979 ಮತ್ತು 1992ರಲ್ಲಿ. ಹೊಲಕ್ಕೆ ಬೋರ್‌ವೆಲ್ ಕೊರೆಸಲು ಸಾಲ ಮಾಡುವವರು ಮಗಳ ಎರಡು ವರ್ಷದ ತರಬೇತಿಯನ್ನು ಬರೀ ಖರ್ಚು ಅಂತ ಬರೆದುಕೊಳ್ಳುತ್ತಾರೆ. ಶುಲ್ಟ್ಸ್ ತಗಾದೆ ಇದ್ದದ್ದು ಈ ಲೆಕ್ಕದ ಬಗ್ಗೆಯೇ.

ವಿಶ್ವಬ್ಯಾಂಕಿನ ಮಾನವ ಬಂಡವಾಳ ಸೂಚ್ಯಂಕದಲ್ಲಿ 2020ರಲ್ಲಿ ಭಾರತಕ್ಕೆ 0.49. ಈಗಿನ ಶಿಕ್ಷಣ, ಆರೋಗ್ಯದ ಸ್ಥಿತಿಯಲ್ಲಿ ಬೆಳೆಯುವ ಮಗು ತನ್ನ ಪೂರ್ಣ ಸಾಮರ್ಥ್ಯದ ಅರ್ಧದಷ್ಟೇ ಉತ್ಪಾದಕತೆ ಮುಟ್ಟೀತು ಅನ್ನುವುದು ಅದರ ಅರ್ಥ. ಇನ್ನೊಂದು ಅಂಕಿ ಹೆಚ್ಚು ಚುಚ್ಚುತ್ತದೆ: 2023-24ರ ಕೇಂದ್ರ ಆರ್ಥಿಕ ಸಮೀಕ್ಷೆ ಕೊಟ್ಟಂತೆ 15ರಿಂದ 29 ವರ್ಷದವರಲ್ಲಿ ಔಪಚಾರಿಕ ವೃತ್ತಿ ತರಬೇತಿ ಪಡೆದವರು 4.4 ಶೇಕಡಾ, ಅನೌಪಚಾರಿಕವಾಗಿ ಕಲಿತವರು 16.6 ಶೇಕಡಾ. ಕಲಿತವರಲ್ಲಿ ಹೆಚ್ಚಿನವರು ಅಪ್ಪನ ಮಗ್ಗದ ಪಕ್ಕ, ಮೇಸ್ತ್ರಿಯ ಹಿಂದೆ, ಗ್ಯಾರೇಜಿನಲ್ಲಿ ಕಲಿತವರು.

ಕಾರ್ಖಾನೆ ಮಾಲೀಕರೇ ಯಾಕೆ ಕಲಿಸುವುದಿಲ್ಲ?

ಬೆಕರ್ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಒಂದೇ ಕಾರ್ಖಾನೆಗೆ ಉಪಯೋಗವಾಗುವ ಕೌಶಲಕ್ಕೆ ಮಾಲೀಕ ಹಣ ಹಾಕುತ್ತಾನೆ, ಎಲ್ಲ ಕಡೆ ನಡೆಯುವ ಕೌಶಲಕ್ಕೆ ಹಾಕುವುದಿಲ್ಲ. ಒಂದು ಶೆಡ್ಡಿನವರು ಹುಡುಗನಿಗೆ ಆರು ತಿಂಗಳು ಸಿಎನ್‌ಸಿ ಸೆಟ್ಟಿಂಗ್ ಕಲಿಸುತ್ತಾರೆ. ಆ ಅವಧಿಯಲ್ಲಿ ಟೂಲ್ ಆಫ್‌ಸೆಟ್ಟಿನಲ್ಲಿ ಮೈನಸ್ ಬದಲು ಪ್ಲಸ್ ಹೊಡೆದು ಟೂಲ್ ಮುರಿದ ನಷ್ಟ ಅವರದೇ. ಕೈ ಪಳಗಿದ ದಿನ ಪಕ್ಕದ ಶೆಡ್ಡಿನವರು ಎರಡು ಸಾವಿರ ಹೆಚ್ಚು ಕೊಟ್ಟು ಕರೆದುಕೊಳ್ಳುತ್ತಾರೆ. ಹೀಗಾಗಿ ಎಲ್ಲರೂ ಕಲಿತವರನ್ನು ಹುಡುಕುತ್ತಾರೆ, ಕಲಿಸುವವರು ಇರುವುದಿಲ್ಲ.

ಬ್ರೆಜಿಲ್ 1942ರಲ್ಲಿ ಸೆನಾಯ್ ಸಂಸ್ಥೆ ಕಟ್ಟಿ, ಕೈಗಾರಿಕೆಗಳ ಸಂಬಳದ ಮೊತ್ತದ ಮೇಲಿನ ಕರದಿಂದ ಅದನ್ನು ನಡೆಸಿತು. ಕಲಿತವರನ್ನು ಕದಿಯುವವನೂ ಕರ ಕಟ್ಟಿರುತ್ತಾನಲ್ಲ! ಜರ್ಮನಿಯಲ್ಲಿ 1969ರ ಕಾನೂನಿನಡಿ ಕಾರ್ಖಾನೆಯ ಕಲಿಕೆ, ಶಾಲೆ ಎರಡೂ ಜೋಡಿಯಾಗಿ ನಡೆಯುತ್ತವೆ. ನಮ್ಮಲ್ಲಿ 1961ರ ಅಪ್ರೆಂಟಿಸ್ (ಸ್ಟೈಪೆಂಡ್ ಪಡೆಯುತ್ತ ಕಾರ್ಖಾನೆಯಲ್ಲೇ ಕೆಲಸ ಕಲಿಯುವವರು) ಕಾಯ್ದೆ ಇದೆ: 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ, ಕೆಲಸಗಾರರ ಸಂಖ್ಯೆಯ 2.5ರಿಂದ 15 ಶೇಕಡಾ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿದ್ದರೆ ಇಚ್ಛೆ. ಬೆಳಗಾವಿಯ ಬಹುಪಾಲು ಸಣ್ಣ ಶೆಡ್ಡುಗಳು ಈ ಇಚ್ಛೆಯ ಗುಂಪಿನವು, ಅಲ್ಲೇ ಕಾಯ್ದೆಯ ಕೈ ಸಡಿಲ.

ಅಪ್ರೆಂಟಿಸ್ ಅಂದ್ರ ಪುಕ್ಕಟೆ ದುಡಿಸಿಕೊಳ್ಳೂದಲ್ಲೇನ್ರಿ?

ಒಪ್ಪಂದ ಕೇಂದ್ರದ ಅಪ್ರೆಂಟಿಸ್ ಪೋರ್ಟಲಿನಲ್ಲಿ ನೋಂದಣಿ ಆಗದಿದ್ದರೆ ಹೌದು, ಅದು ಪುಕ್ಕಟೆ ದುಡಿಮೆಯೇ. ಆದ್ದರಿಂದ ಮೊದಲ ವಾರವೇ ಒಪ್ಪಂದದ ನೋಂದಣಿ ಸಂಖ್ಯೆ ಕೇಳಿ.

2019ರ ನಿಯಮದಲ್ಲಿ ಐಟಿಐ ಪಾಸಾದವರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂ. ಎರಡನೇ ವರ್ಷಕ್ಕೆ 10, ಮೂರನೇ ವರ್ಷಕ್ಕೆ 15 ಶೇಕಡಾ ಏರಿಕೆ. ಐಟಿಐಯಲ್ಲಿ ಕಳೆದ ವರ್ಷಗಳೂ ಎಣಿಕೆಯಾಗುವುದರಿಂದ 1 ವರ್ಷದ ಟ್ರೇಡಿನವರಿಗೆ 7,700, 2 ವರ್ಷದವರಿಗೆ 8,050 ಅಂತ ಸಾರ್ವಜನಿಕ ಉದ್ದಿಮೆಗಳ ಜಾಹೀರಾತಿನಲ್ಲಿ ಕಾಣುತ್ತೀರಿ. ಈ ಮೊತ್ತಗಳು ಪರಿಷ್ಕರಣೆಯಾಗುತ್ತಿರುತ್ತವೆ, ಸೇರುವ ದಿನ ಜಾರಿಯಲ್ಲಿರುವ ದರವನ್ನೇ ಒಪ್ಪಂದದಲ್ಲಿ ಬರೆಸಿ. ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಡಿ ಸ್ಟೈಪೆಂಡಿನ 25 ಶೇಕಡಾ, ಗರಿಷ್ಠ 1,500 ರೂ., ಕೇಂದ್ರದಿಂದ ನೇರ ನಿಮ್ಮ ಖಾತೆಗೆ ಬರುತ್ತದೆ, ಉಳಿದದ್ದು ಮಾಲೀಕರದು. ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಕೇಂದ್ರದ ಪಾಲು ನಿಂತುಬಿಡುತ್ತದೆ.

ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಇಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕರ ಮೇಲಿದೆ. ಅವಧಿ ಮುಗಿದ ಮೇಲೆ ಕಾಯಂ ಮಾಡಲೇಬೇಕು ಅಂತ ಇಲ್ಲ, ಒಪ್ಪಂದದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಉಂಟು. ಇಷ್ಟಾದರೂ ಇದನ್ನು ಬಿಡಬೇಡಿ ಅನ್ನುತ್ತೇವೆ. ಕೊನೆಯ ಪರೀಕ್ಷೆ ಪಾಸಾದರೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರಕ್ಕೆ ತೂಕವಿದೆ. ರೈಲ್ವೆ ತನ್ನ ವರ್ಕ್‌ಶಾಪುಗಳಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 (ಮೊದಲ ಮೆಟ್ಟಿಲಿನ ಹುದ್ದೆಗಳ) ನೇಮಕಾತಿಯಲ್ಲಿ 20 ಶೇಕಡಾ ಮೀಸಲಿಡುತ್ತದೆ, ಹುಬ್ಬಳ್ಳಿ ವರ್ಕ್‌ಶಾಪ್ ನಮಗೆ ದೂರವೇನಲ್ಲ. ಹಲವರು ಐಟಿಐ ಮುಗಿದ ಕೂಡಲೇ 12,000 ಕೊಡುವ ಗುತ್ತಿಗೆದಾರನ ಹಿಂದೆ ಹೋಗುತ್ತಾರೆ, ನಾಲ್ಕು ಸಾವಿರದ ಆಸೆಗೆ. ಮೂರು ವರ್ಷ ಕಳೆದ ಮೇಲೂ ಅದೇ ಗುತ್ತಿಗೆದಾರನ ಹತ್ತಿರ ಇರುತ್ತಾರೆ.

ಮನೆಯವರು ಗೋವಾ, ಪುಣೆ ಕಡೆ ದುಡಿಯಲು ಹೋಗುತ್ತಾರೆ. ಹಾಜರಾತಿ ಹೇಗೆ?

80 ಶೇಕಡಾ ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ದಸರಾ, ದೀಪಾವಳಿ ನಂತರ ಕುಟುಂಬದೊಂದಿಗೆ ಹೊರಟು ಯುಗಾದಿಗೆ ಮರಳಿದರೆ ವರ್ಷ ಹೋದಂತೆಯೇ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ ಮಕ್ಕಳು ಐಟಿಐ ನಡುವೆ ಬಿಡುವುದು ಬಹುತೇಕ ಹೀಗೇ, ಬುದ್ಧಿ ಸಾಲದೆ ಅಲ್ಲ. ಪ್ರವೇಶದ ದಿನವೇ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ಅರ್ಜಿ ಹಾಕಿ, ಎರಡು ತಿಂಗಳ ನಂತರ ಅಲ್ಲ.

ಹೆಣ್ಣುಮಕ್ಕಳಿಗೆ ಟೇಲರಿಂಗ್ ಬಿಟ್ಟು ಬ್ಯಾರೆ ಐತೇನ್ರಿ?

ಎಲ್ಲ ಟ್ರೇಡುಗಳೂ ತೆರೆದಿವೆ. ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಮಶಿನಿಸ್ಟ್, ಡ್ರಾಫ್ಟ್ಸ್‌ಮನ್ ಓದಿದ ಹುಡುಗಿಯರಿಗೆ ಅಳತೆ-ಪರೀಕ್ಷೆ ವಿಭಾಗ, ಜೋಡಣೆ, ಸಿಎನ್‌ಸಿ ಆಪರೇಟಿಂಗ್‌ನಲ್ಲಿ ಕೆಲಸವಿದೆ. ಮೈಕ್ರೋಮೀಟರಿನ 0.01 ಮಿ.ಮೀ. ಓದಲು ತೋಳಬಲ ಬೇಕಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಾದ ಮೇಲೆ ತಾಲೂಕಿನ ಐಟಿಐಗೆ ದಿನವೂ ಹೋಗಿಬರುವ ಖರ್ಚು ತಪ್ಪಿದೆ. ಅಡ್ಡಿ ಬರುವುದು ಆಮೇಲೆ: ಎರಡನೇ ಪಾಳಿ ರಾತ್ರಿ ಮುಗಿದಾಗ ಹೊನಗಾ, ಮಚ್ಛೆಯ ಕೈಗಾರಿಕಾ ಪ್ರದೇಶಗಳಿಂದ ಹಳ್ಳಿಗೆ ಬಸ್ಸಿಲ್ಲ. ಕೆಲಸ ಒಪ್ಪುವ ಮುಂಚೆ ಕಂಪನಿ ವಾಹನ ಇದೆಯೇ, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆಯೇ ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಹೈಸ್ಕೂಲಿನಲ್ಲೇ ಎಲ್ಲರಿಗೂ ಕಸುಬು ಕಲಿಸಿದರೆ ನಿರುದ್ಯೋಗ ಹೋಗುವುದಿಲ್ಲವೇ?

ಇದು ಹಳೆಯ ಆಸೆ. ಸ್ವಾತಂತ್ರ್ಯ ಪಡೆದ ಆಫ್ರಿಕದ ದೇಶಗಳಲ್ಲೂ ಇದೇ ಮಾತಿತ್ತು. ಘಾನಾದಲ್ಲಿ ಅಧ್ಯಯನ ಮಾಡಿದ ಫಿಲಿಪ್ ಫಾಸ್ಟರ್ 1965ರಲ್ಲಿ ಹೇಳಿದ್ದು ಇಷ್ಟು: ಮಕ್ಕಳು ಗುಮಾಸ್ತಿಕೆಯ ಕಡೆ ಓಡುವುದು ಪಠ್ಯ ಸರಿಯಿಲ್ಲದ್ದಕ್ಕಲ್ಲ, ಸಂಬಳ ಅಲ್ಲಿರುವುದಕ್ಕೆ. ಪೇಟೆಯ ಕೂಲಿ ಬದಲಾಗದೆ ಪಠ್ಯ ಬದಲಿಸಿದರೆ ಪ್ರಯೋಜನವಿಲ್ಲ.

ಧಾರವಾಡದ ಕೋಚಿಂಗ್ ಕೋಣೆಗಳಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿರುವ ಐಟಿಐ ಹುಡುಗರನ್ನು ನೋಡಿ ಸೋಮಾರಿಗಳು ಅನ್ನುವವರಿದ್ದಾರೆ. ಆದರೆ ಆ ಹುಡುಗರ ಲೆಕ್ಕ ತಪ್ಪಿಲ್ಲ. ಸಣ್ಣ ಶೆಡ್ಡಿನ ಟರ್ನರಿಗೆ ಐದು ವರ್ಷದ ನಂತರವೂ ಕನಿಷ್ಠ ವೇತನದ ಆಸುಪಾಸೇ ಸಿಕ್ಕರೆ, ಕೌಶಲಕ್ಕೆ ಕೊಡಬೇಕಾದ ಬೆಲೆಯನ್ನು ಕೊಡದೆ ಇರುವವರು ಯಾರು ಅಂತ ಮೊದಲು ಕೇಳಬೇಕು.

ಇನ್ನೊಂದು ಎಚ್ಚರಿಕೆ. ಅರ್ಥಶಾಸ್ತ್ರಜ್ಞ ಹನುಶೆಕ್ ಮತ್ತು ಸಂಗಡಿಗರು 2017ರಲ್ಲಿ 11 ದೇಶಗಳ ಮಾಹಿತಿ ಹೋಲಿಸಿದಾಗ ಕಂಡದ್ದು: ವೃತ್ತಿ ಶಿಕ್ಷಣದವರು ಬೇಗ ಕೆಲಸಕ್ಕೆ ಹತ್ತುತ್ತಾರೆ, ಆದರೆ ವಯಸ್ಸಾದಂತೆ, ತಂತ್ರಜ್ಞಾನ ಬದಲಾದಂತೆ ಆ ಅನುಕೂಲ ಕರಗುತ್ತದೆ. ಹಾಗಂತ ಐಟಿಐ ಬೇಡ ಅಂತಲ್ಲ. ಗಣಿತ, ಡ್ರಾಯಿಂಗ್, ಮ್ಯಾನ್ಯುಯಲ್ ಓದುವಷ್ಟು ಇಂಗ್ಲಿಷ್ ಬಿಟ್ಟುಕೊಡಬೇಡಿ ಅಂತ.

ಐಟಿಐ ಆದ ಮೇಲೆ ಮುಂದೆ ಓದಬಹುದೇ?

2 ವರ್ಷದ ಐಟಿಐ ಆದವರು ಸಂಬಂಧಿಸಿದ ಡಿಪ್ಲೊಮಾಕ್ಕೆ ನೇರ ಎರಡನೇ ವರ್ಷ ಸೇರಬಹುದು. ಅಲ್ಲಿಂದ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷ. ಎಡವುವುದು ಡಿಪ್ಲೊಮಾ ಗಣಿತದಲ್ಲಿ, ಸೇರುವ ಮುಂಚಿನ ರಜೆಯಲ್ಲಿ ತ್ರಿಕೋನಮಿತಿ, ಕಲನಶಾಸ್ತ್ರದ ಮೊದಲ ಪಾಠಗಳನ್ನು ಓದಿಕೊಳ್ಳಿ. ಅಂದಹಾಗೆ ರಾಜ್ಯ ಸರಕಾರದ ಯುವನಿಧಿ ನಿರುದ್ಯೋಗ ಭತ್ಯೆ ಪದವಿ, ಡಿಪ್ಲೊಮಾದವರಿಗೆ ಮಾತ್ರ, ಐಟಿಐಗೆ ಇಲ್ಲ.

ಸಣ್ಣಂದಿನಿಂದ ಕೆಲಸ ಬರತೈತಿ, ಕಾಗದ ಇಲ್ಲ. ಏನು ಮಾಡೂದು?

ಬಡಗಿ, ಕಮ್ಮಾರ, ಗೌಂಡಿ, ಚಮ್ಮಾರ, ಕುಂಬಾರ, ಟೇಲರ್ ಸೇರಿ 18 ಕಸುಬುಗಳಿಗೆ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಇದೆ. 5ರಿಂದ 7 ದಿನದ ತರಬೇತಿ, ದಿನಕ್ಕೆ 500 ರೂ., ಸಲಕರಣೆಗೆ 15,000 ರೂ., 5 ಶೇಕಡಾ ಬಡ್ಡಿಯಲ್ಲಿ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷ ಸಾಲ. ಮನೆಗೆ ಒಬ್ಬರಿಗೆ ಮಾತ್ರ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ನೇಯುವವರು ಈ 18ರಲ್ಲಿ ಬರುವುದಿಲ್ಲ, ಅವರು ಕೈಮಗ್ಗ ಮತ್ತು ಜವಳಿ ಇಲಾಖೆಯನ್ನೇ ಕೇಳಬೇಕು.

ಗ್ಯಾರೇಜು, ವೆಲ್ಡಿಂಗ್ ಬಲ್ಲವರಿಗೆ ಪೂರ್ವ ಕಲಿಕೆಯ ಮಾನ್ಯತೆ, ಆರ್‌ಪಿಎಲ್ ಅನ್ನುತ್ತಾರೆ, ಅದರ ಮೂಲಕ ಪ್ರಮಾಣಪತ್ರ ಸಿಗುತ್ತದೆ. ಆದರೆ ಅದು ಎನ್‌ಟಿಸಿಗೆ ಸಮ ಅಲ್ಲ, ಸರಕಾರಿ ನೌಕರಿ ಅರ್ಜಿಗೆ ನಡೆಯುವುದಿಲ್ಲ. ಸ್ವಂತ ಅಂಗಡಿ ಹಾಕುವವರು ಜಿಲ್ಲೆಯ ಆರ್‌ಸೆಟಿಗೆ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ) ಹೋಗಲಿ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿ ಅದು, ತರಬೇತಿ, ಊಟ, ವಸತಿ ಉಚಿತ, ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. ಮನೆ ವೈರಿಂಗ್ ಗುತ್ತಿಗೆ ಹಿಡಿಯುವವರಿಗೆ ಮಾತ್ರ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇರೆಯೇ ಬೇಕು.

ಪರೀಕ್ಷೆಯಲ್ಲಿ, ಪ್ರಮಾಣಪತ್ರದಲ್ಲಿ ಹೆಚ್ಚಾಗಿ ಆಗುವ ತೊಂದರೆ ಯಾವುದು?

ಪ್ರಾಯೋಗಿಕದಲ್ಲಿ ಪಾಸಾಗಲು 60 ಶೇಕಡಾ, ಥಿಯರಿಗೆ 33. ಥಿಯರಿ ಕಂಪ್ಯೂಟರಿನ ಮುಂದೆ ಬರೆಯುವುದು. ಮೌಸ್ ಹಿಡಿದು ಅಭ್ಯಾಸ ಇಲ್ಲದ ವೆಲ್ಡರ್ ಹುಡುಗರು ಉತ್ತರ ಗೊತ್ತಿದ್ದೂ ಸಮಯ ಸಾಲದೆ ಕಳೆದುಕೊಳ್ಳುತ್ತಾರೆ. ಎರಡು ದಿನ ಸೈಬರ್ ಸೆಂಟರಿನಲ್ಲಿ ಕೂತರೂ ಸಾಕು.

ಹೆಸರಿನ ತಕರಾರು ಇನ್ನೂ ಹೆಚ್ಚು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ, ಎನ್‌ಟಿಸಿಯಲ್ಲಿ ತಂದೆಯ ಹೆಸರು ಬಿಟ್ಟುಹೋಗಿರುತ್ತದೆ. ಈ ಭಾಗದಲ್ಲಿ ಮರಾಠಿ, ಕನ್ನಡ ಎರಡೂ ಬಗೆಯಲ್ಲಿ ಹೆಸರು ಬರೆಯುವ ರೂಢಿ ಇರುವುದರಿಂದ ಇಂಗ್ಲಿಷ್ ಕಾಗುಣಿತ ಮೂರು ಕಡೆ ಮೂರು ತರ. ಪ್ರವೇಶದ ಅರ್ಜಿ ತುಂಬುವ ಮುಂಚೆಯೇ ಆಧಾರ್ ಅನ್ನು ಅಂಕಪಟ್ಟಿಗೆ ಸರಿಹೊಂದುವಂತೆ ತಿದ್ದಿಸಿ. ಪ್ರಮಾಣಪತ್ರ ಅಚ್ಚಾದ ಮೇಲೆ ತಿದ್ದುಪಡಿ ಸಂಸ್ಥೆಯ ಲಾಗಿನ್‌ನಿಂದಲೇ ಹೋಗಬೇಕು, ಓದು ಮುಗಿಸಿ ಪುಣೆಯಲ್ಲಿ ಕೆಲಸದಲ್ಲಿರುವಾಗ ಅದಕ್ಕಾಗಿ ರಜೆ ಹಾಕಿ ಓಡಾಡುವುದು ಸುಲಭವಲ್ಲ.